ಮೇಲಿನ ಸಾಲು, ಕೆಳಗಿನ ಸಾಲು

ಹೋದ ತಿಂಗಳು ತಾರಸಿಯ ಮೇಲಿನ ರೂಮಿಗೆ ಬಣ್ಣ ಹೊಡೆಸಿದೆವು. ಬಣ್ಣದವನು ಸಜ್ಜೆಯ ಮೇಲಿನ ಸಾಮಾನು ಇಳಿಸುವಾಗ ಒಂದು ಹಳೇ ಕೀಬೋರ್ಡ್ ಸಿಕ್ಕಿತು. ಬಿಳಿ ಹೋಗಿ ಹಳದಿಗೆ ತಿರುಗಿತ್ತು, ಸಂದಿಗಳಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಒಂದು ಗುಂಡಿಯ ಮೇಲೆ ಮರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು ಮಾತ್ರ ಇನ್ನೂ ಅಂಟಿಕೊಂಡೇ ಇತ್ತು.

"ಏನಮ್ಮಾ ಇದು, ಕಂಪ್ಯೂಟರಿಗೂ ಬೊಟ್ಟು ಇಟ್ಟಿದೀರಾ? ಆಯುಧಪೂಜೆದಾ?" ಅಂದ ಬಣ್ಣದವನು.

"ಅಲ್ಲೇ ಇಡಪ್ಪ," ಅಂದೆ.

ನಮ್ಮದು ದೊಮ್ಮಲೂರಿನ ಹಳೇ ಊರು. ನಾನು ಮದುವೆಯಾಗಿ ಬಂದಾಗ ಮನೆ ಹಿಂದೆ ರಾಗಿ ಹೊಲ ಇತ್ತು. ಸೊಪ್ಪು ಬೆಳೆದು ಹಲಸೂರಿನ ಮಾರ್ಕೆಟ್ಟಿಗೆ ತಲೆಮೇಲೆ ಹೊತ್ತುಕೊಂಡು ಹೋಗುತ್ತಿದ್ದೆವು. ಆಮೇಲೆ ಹೊಲ ಹೋಯಿತು, ಆ ಕಥೆ ಇಲ್ಲಿ ಬೇಡ. ಉಳಿದ ಜಾಗದಲ್ಲಿ ಮನೆ ಕಟ್ಟಿದೆವು, ತಾರಸಿಯ ಮೇಲೊಂದು ರೂಮು ಹಾಕಿ ಬಾಡಿಗೆಗೆ ಕೊಟ್ಟೆವು. ಫ್ಲೈಓವರ್ ಅರ್ಧ ಕಟ್ಟಿ ನಿಲ್ಲಿಸಿದ್ದರಲ್ಲ, ಆ ಕಾಲದಲ್ಲಿ ಆ ರೂಮಿಗೆ ಒಬ್ಬ ಬಂದ. ರಾಯಚೂರಿನ ಕಡೆಯವನು. ಹುಟ್ಟುಗುರುಡ. ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ.

ರೂಮು ನೋಡಲು ಬಂದ ದಿನ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಕಣ್ಣಿಲ್ಲದೋನಿಗೆ ಮಹಡಿ ರೂಮು ಯಾಕಪ್ಪಾ? ಮೆಟ್ಟಿಲು ಕಡಿದಾಗಿದೆ, ಲೈಟೂ ಇಲ್ಲ," ಅಂದೆ.

"ಲೈಟ್ ಇದ್ರ ನನಗೇನ್ ಉಪಯೋಗ್ರಿ ಅಮ್ಮಾರ?" ಅಂದು ನಕ್ಕ.

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ರೂಮು ಕೊಟ್ಟೆ.

ಒಳ್ಳೆಯವನು ಕೆಟ್ಟವನು ಅಂತ ಹೇಳುವಷ್ಟು ಮಾತು ನಮ್ಮಿಬ್ಬರಲ್ಲಿ ಆಗುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಗೇಟಿನಿಂದ ಅಡುಗೆಮನೆಗೆ ಅವನೇ ಎತ್ತಿ ತರುತ್ತಿದ್ದ, ಹೊಸಿಲು ಎಲ್ಲಿದೆ, ಕುರ್ಚಿ ಎಲ್ಲಿದೆ ಎಲ್ಲ ಅವನಿಗೆ ಗೊತ್ತಿತ್ತು. ನಮ್ಮ ಸೊಸೆ ಒಂದು ದಿನ ಕುರ್ಚಿ ಜರುಗಿಸಿಟ್ಟಿದ್ದಳು. ಮಂಡಿಗೆ ಪೆಟ್ಟಾಯಿತು. "ಇರ್ಲಿ ಬಿಡ್ರಿ ಅಕ್ಕಾರ, ಕುರ್ಚಿಗೂ ಕಣ್ಣಿಲ್ಲ," ಅಂದ. ಅಂಥವನು.

ಆ ವರ್ಷವೇ ನಮ್ಮ ಮನೆಯವರು ತೀರಿಕೊಂಡರು. ನನಗೆ ಅಳು ಬರಲಿಲ್ಲ. ನೆಂಟರೆಲ್ಲ ಬಂದು ಕೂತು ನನ್ನ ಮುಖವನ್ನೇ ನೋಡಿದರು, ಯಾವಾಗ ಅಳುತ್ತಾಳೆ ಅಂತ. ಹನ್ನೊಂದನೇ ದಿನದ ಊಟ ಆಯಿತು, ಅವರೂ ಹೋದರು. ಏನೋ ಒಂದು ಮರಗಟ್ಟಿದ ಹಾಗಿತ್ತು ಅಷ್ಟೇ. ಕಾಲು ಮಡಚಿ ಬಹಳ ಹೊತ್ತು ಕೂತರೆ ಆಗುತ್ತಲ್ಲ, ಹಾಗೆ. ಕೆಳಗೆ ಕೂತರೆ ಯಾರಾದರೂ ಬಂದು ಮಾತಾಡಿಸುತ್ತಾರೆ ಅಂತ ಒಣಗಿಸುವುದಿರಲಿ ಇಲ್ಲದಿರಲಿ ತಾರಸಿಗೆ ಹೋಗಿ ನಿಲ್ಲುತ್ತಿದ್ದೆ.

ಮೇಲಿನ ರೂಮಿನವನ ವಿಷಯ ನನಗೆ ತಿಳಿದದ್ದು ಹಾಗೆ ನಿಂತಿದ್ದಾಗಲೇ.

ನರ್ಸಿಂಗ್ ಹೋಮಿಗೆ ಹೊಸ ಮಷೀನ್ ಬರುವುದಿತ್ತಂತೆ, ಫೋನ್ ಅದೇ ಎತ್ತಿ ಅದೇ ಮಾತಾಡುತ್ತದೆ, ಆಪರೇಟರ್ ಬೇಡ. ಇವನಿಗೆ ಯುಗಾದಿಯವರೆಗೆ ಮಾತ್ರ ಕೆಲಸ. ಊರಲ್ಲಿ ಅಣ್ಣನದು ಕಿರಾಣಿ ಅಂಗಡಿ. ಕೆಲಸ ಹೋದರೆ ಬಂದು ಅಂಗಡಿಯಲ್ಲಿ ಕೂರು ಅಂತ ಅಣ್ಣ ಹೇಳಿ ಕಳಿಸಿದ್ದ. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಇವನು ಚಿಕ್ಕಂದಿನಲ್ಲಿ ಆ ಅಂಗಡಿಯ ಮೂಟೆಯ ಮೇಲೆ ಕೂತೇ ಬೆಳೆದವನು. "ಅಲ್ಲಿ ಕೂತ್ರ ಮುಗೀತ್ರಿ ಅಮ್ಮಾರ. ಬಂದೋರೆಲ್ಲ ತಲಿ ಮ್ಯಾಲ ಕೈ ಇಟ್ಟು ಹೋಗ್ತಾರ. ಈ ವಯಸ್ಸಿನ್ಯಾಗೂ," ಅಂದಿದ್ದ.

ಕುಕ್ ಟೌನಿನಲ್ಲಿ ಒಂದು ಆಫೀಸಿತ್ತು. ಪಾಠದ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ, ತಪ್ಪು ತಿದ್ದಿ, ಕಣ್ಣಿಲ್ಲದ ಮಕ್ಕಳು ಕಿವಿಯಲ್ಲಿ ಓದುವ ಹಾಗೆ ಮಾಡುವ ಕೆಲಸ. ಅವರು ಇವನನ್ನು ತೆಗೆದುಕೊಳ್ಳಲು ಒಪ್ಪಿದ್ದರು, ಒಂದು ಶರತ್ತಿನ ಮೇಲೆ. ಅವರ ಕಂಪ್ಯೂಟರುಗಳನ್ನು ನಡೆಸುತ್ತಿದ್ದದ್ದು ಲಿನಕ್ಸ್ ಅನ್ನುವ ಬೇರೊಂದು ವ್ಯವಸ್ಥೆ. ಅದನ್ನು ಕಲಿತು ಬಂದು ಮಾಡಿ ತೋರಿಸಬೇಕು. ಇವನಿಗೆ ಗೊತ್ತಿದ್ದದ್ದು ವಿಂಡೋಸ್. ಅದರಲ್ಲಿ ಪರದೆಯ ಮೇಲಿರುವುದನ್ನು ಇವನಿಗೆ ಓದಿ ಹೇಳುವ ದನಿ ಇತ್ತು, ಕೈಗೆ ಬರುವ ಚೂರುಪಾರು ಟೈಪಿಂಗ್ ಕೆಲಸವೂ ಅದರಲ್ಲೇ. ಅದನ್ನು ಕಿತ್ತು ಹಾಕಿ ಹೊಸದನ್ನು ಹಾಕಿಸಿಕೊಳ್ಳಲು ಧೈರ್ಯವಿಲ್ಲ. ಎರಡೂ ಬೇಕು, ಇರುವ ಕಂಪ್ಯೂಟರ್ ಒಂದೇ.

ಶಿವಾಜಿನಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಒಬ್ಬ ಅವನಿಗೆ ಗೆಳೆಯ. ಅವನು ಬಂದಿದ್ದ ದಿನ ನಾನು ತಾರಸಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆ. ಬಾಗಿಲು ತೆಗೆದೇ ಇತ್ತು.

"ನೋಡು ಭಾಯ್, ಎರಡು ದಾರಿ ಇದೆ," ಅಂದ ಶಿವಾಜಿನಗರದವನು. "ಒಂದು ಡ್ಯುಯಲ್ ಬೂಟ್. ಡಿಸ್ಕ್‌ನ ಎರಡು ಭಾಗ ಮಾಡ್ತೀನಿ. ಇದಕ್ಕೊಂದು, ಅದಕ್ಕೊಂದು. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳತ್ತೆ. ಒಂದು ಎದ್ರೆ ಇನ್ನೊಂದು ಮಲಗಿರತ್ತೆ. ಇನ್ನೊಂದು ದಾರಿ, ವರ್ಚುವಲ್ ಮಷೀನ್. ವಿಂಡೋಸ್ ಎದ್ದಿರತ್ತೆ, ಅದರ ಹೊಟ್ಟೆ ಒಳಗೇ ಲಿನಕ್ಸ್ ಓಡತ್ತೆ."

"ಎರಡನೇದು ಮಾಡು," ಅಂದ ಇವನು, ಯೋಚನೆ ಮಾಡದೆ.

"ಯಾಕೆ ಮಗಾ?"

"ಕೇಳೋ ಹೊತ್ತಿಗೆ ಮಾತಾಡೋ ದನಿ ಎದ್ದಿರ್ತದೇನು?"

ಎದ್ದಿರುವುದಿಲ್ಲ. ಕರಿ ಪರದೆಯ ಮೇಲೆ ಎರಡು ಸಾಲು ಮೂಡುತ್ತದೆ, ಮೂಕಿ ಹಾಗೆ ಸ್ವಲ್ಪ ಹೊತ್ತು ಕಾಯುತ್ತದೆ, ಯಾರೂ ಏನೂ ಒತ್ತದಿದ್ದರೆ ಮೇಲಿನ ಸಾಲನ್ನು ಹಿಡಿದು ಹೋಗುತ್ತದೆ. ಕಣ್ಣಿರುವವರು ಮಾಡಿದ್ದು ಅದು. ಹೊಟ್ಟೆಯೊಳಗೆ ಇಟ್ಟರೆ ಆ ತೊಂದರೆ ಇಲ್ಲ. ವಿಂಡೋಸ್ ತಾನಾಗಿ ಏಳುತ್ತದೆ, ದನಿ ಬರುತ್ತದೆ, ಆ ದನಿ ಹಿಡಿದುಕೊಂಡು ಇವನೇ ಒಳಗೆ ಹೋಗಬಹುದು, ಹೊರಗೆ ಬರಬಹುದು. ಯಾರನ್ನೂ ಕರೆಯಬೇಕಾಗಿಲ್ಲ.

ಹಾಗೇ ಮಾಡಿದರು. ಆ ಮಷೀನು ಅದನ್ನು ತಡೆದುಕೊಳ್ಳಲಿಲ್ಲ. ಫ್ಯಾನು ಗಿರಣಿಯ ಹಾಗೆ ಕೂಗುತ್ತಿತ್ತು. ಮೆಮೊರಿ ಸಾಲುವುದಿಲ್ಲ ಅಂದ ಗೆಳೆಯ. ಓದುವ ದನಿ ಒಂದು ಮಾತು ಹೇಳಿ ಬಿಕ್ಕಿ, ಇನ್ನೊಂದು ಹೇಳಿ ಬಿಕ್ಕಿ... ಅದಕ್ಕಿಂತ ಕೆಟ್ಟದ್ದು ಏನೆಂದರೆ, ಒಳಗೆ ಹೋದ ಮೇಲೆ ಆ ದನಿಗೆ ಏನೂ ತಿಳಿಯುತ್ತಿರಲಿಲ್ಲ. ಲಿನಕ್ಸ್ ಓಡುವ ಜಾಗ ಹೊರಗಿನ ದನಿಗೆ ಬರೀ ಒಂದು ಚಿತ್ರವಂತೆ. ಚಿತ್ರದೊಳಗಿನ ಅಕ್ಷರ ಅದು ಓದುವುದಿಲ್ಲ. ಒಳಗಿನದಕ್ಕೆ ಬೇರೆ ದನಿ ಹಾಕಿದರೆ ಮಷೀನು ಅಲ್ಲೇ ಕಲ್ಲಾಗಿ ನಿಂತುಬಿಡುತ್ತಿತ್ತು.

"ಒಳಗ ಹೋದ್ರ ಅದಕ್ಕೂ ಕಣ್ಣ ಕಾಣಂಗಿಲ್ಲ ನೋಡು. ನನ್ನ ಜಾತಿಗೇ ಸೇರ್ತು," ಅಂದ ಇವನು. ಗೆಳೆಯ ನಗಲಿಲ್ಲ.

ಹೀಗೆ ಉಳಿದದ್ದು ಮೊದಲನೇ ದಾರಿ. ಡಿಸ್ಕು ಭಾಗವಾಯಿತು. ಮೇಲಿನ ಸಾಲು ವಿಂಡೋಸ್, ಕೆಳಗಿನ ಸಾಲು ಲಿನಕ್ಸ್. ಎದ್ದ ಮೇಲೆ ಎರಡಕ್ಕೂ ಅದರದರದೇ ದನಿ ಇತ್ತು. ಏಳುವ ಮುಂಚಿನ ಆ ಒಂದು ಗಳಿಗೆಯದೇ ಕಷ್ಟ.

"ಆಂಟಿ ಇದಾರಲ್ಲ," ಅಂದ ಶಿವಾಜಿನಗರದವನು, ನನ್ನ ಕಡೆ ತಿರುಗಿ.

"ನನಗೆ ಇಂಗ್ಲಿಷ್ ಬರಲ್ಲಪ್ಪ. ಓದಿರೋದು ಮೂರನೇ ಕ್ಲಾಸು."

"ಓದೋದೇನೂ ಇಲ್ಲ ಆಂಟಿ. ಒಂದು ಬಿಳಿ ಪಟ್ಟಿ ಇರತ್ತೆ. ಅದು ಮೇಲಿದ್ಯಾ ಕೆಳಗಿದ್ಯಾ, ಅಷ್ಟೇ."

ಇವನಿಗೆ ಇಷ್ಟವಾಗಿಲ್ಲ ಅನ್ನುವುದು ಕಾಣುತ್ತಿತ್ತು. ನನಗೆ ಇಷ್ಟವೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಬೆಳಿಗ್ಗೆ ಹೇಗೂ ಮೇಲೆ ಹೋಗುತ್ತಿದ್ದೆ.

ಮಾರನೇ ದಿನದಿಂದ ಅದೇ ಕೆಲಸವಾಯಿತು. ಅವನು ಮಷೀನ್ ಹಾಕುವನು, ಕೀಂ ಅನ್ನುವುದು. ಪರದೆಯ ಮುಂದೆ ನಾನು ನಿಲ್ಲುವೆ.

"ಬಂತೇನ್ರಿ?"

"ಇಲ್ಲ... ಬಂತು."

"ಎಲ್ಲದ?"

"ಮೇಲೆ."

ಅವನು ಗುಂಡಿ ಒತ್ತುವನು. "ಈಗ?"

"ಕೆಳಗೆ."

ಅಷ್ಟೇ ನಮ್ಮ ಮಾತು. ಆ ಮಷೀನು ಒಂದು ದಿನ ಬೇಗ ಏಳುವುದು, ಒಂದು ದಿನ ಗೊರಕೆ ಹೊಡೆದು ತಡವಾಗಿ ಏಳುವುದು. ಮುಂಚೆ ಒತ್ತಿದರೆ ಕಿರುಚುತ್ತಿತ್ತು, ತಡವಾಗಿ ಒತ್ತಿದರೆ ಅಷ್ಟರಲ್ಲಿ ಮೇಲಿನದಕ್ಕೆ ಹೋಗಿರುತ್ತಿತ್ತು. ಅದಕ್ಕೇ ನೋಡುವವರು ಬೇಕಾಗಿದ್ದು. ಎಷ್ಟೋ ದಿನ ಅವನು ಸ್ಟವ್ ಮುಂದೆ ಇರುತ್ತಿದ್ದ, ಹಾಲು ಉಕ್ಕುತ್ತದೆ ಅಂತ. "ನೀವೇ ಒತ್ರಿ ಅಮ್ಮಾರ," ಅನ್ನುವನು. ಅಷ್ಟು ಗುಂಡಿಗಳಲ್ಲಿ ಯಾವುದು ಅಂತ ನನಗೆ ಸಿಗುತ್ತಿರಲಿಲ್ಲ. ಹುಡುಕುವಷ್ಟರಲ್ಲಿ ಮೇಲಿನದು ಹೊರಟುಹೋಗುತ್ತಿತ್ತು. ನನ್ನ ಬೊಟ್ಟಿನ ಪ್ಯಾಕೆಟ್ಟು ಕನ್ನಡಿಯ ಹಿಂದೆ ಹಾಗೇ ಇತ್ತು. ಬಿಸಾಡಲು ಸೊಸೆಗೆ ಮನಸ್ಸು ಬಂದಿರಲಿಲ್ಲ, ನನ್ನ ಮುಂದೆ ಅದರ ಹೆಸರು ಎತ್ತಲೂ ಆಗಿರಲಿಲ್ಲ. ಒಂದು ಬೊಟ್ಟು ಕಿತ್ತು ಆ ಗುಂಡಿಯ ಮೇಲೆ ಅಂಟಿಸಿದೆ. ನೋಡಿದವರೆಲ್ಲ ಅದು ಕಣ್ಣಿಲ್ಲದವನಿಗೆ ಮಾಡಿದ ಗುರುತು ಅಂದುಕೊಳ್ಳುತ್ತಿದ್ದರು. ಅವನ ಬೆರಳಿಗೆ ಗುರುತು ಬೇಕಿರಲಿಲ್ಲ. ಬೇಕಾಗಿದ್ದು ನನಗೆ.

ಸಂಕ್ರಾಂತಿ ಕಳೆದ ಮೇಲೆ ಅಣ್ಣ ಬಂದ. ಜೋಳದ ಹಿಟ್ಟು, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಎಲ್ಲ ತಂದಿದ್ದ. ನನಗೂ ಕೊಟ್ಟ. ದಪ್ಪ ಮೀಸೆಯ ಮನುಷ್ಯ, ಮಾತು ಜೋರು, ಕೆಟ್ಟವನಲ್ಲ. ಬೆಳಿಗ್ಗೆ ನಾನು ಎಂದಿನ ಹಾಗೆ ಹೋಗಿ ಮೇಲೆ, ಕೆಳಗೆ ಅಂದು ಬರುವುದನ್ನು ಗೋಡೆಗೆ ಒರಗಿ ನೋಡಿದ. ನಾನು ಬಾಗಿಲು ದಾಟುವ ಮುಂಚೆಯೇ ತಮ್ಮನಿಗೆ ಹೇಳಿದ:

"ಒಬ್ರು ಬೇಕೇ ಬೇಕಲ್ಲ ನಿನಗ. ಹೊರಗಿನ ಮುದುಕಿ ಆದ್ರೇನು, ಮನೀ ಮಂದಿ ಆದ್ರೇನು? ಹೋಳಿ ಆಗೂದ್ರಾಗ ಒಂದು ಹೇಳು. ಯುಗಾದಿಗೆ ಬಂದು ಕರ್ಕೊಂಡ್ ಹೋಗ್ತೀನಿ."

ಅಣ್ಣ ಊರಿಗೆ ಹೋದ ಮಾರನೇ ದಿನ ನಾನು ಮೇಲೆ ಹೋದಾಗ ಇವನು ಬಾಗಿಲಲ್ಲೇ ನಿಂತಿದ್ದ.

"ನಾಳಿಂದ ಬರಬ್ಯಾಡ್ರಿ ಅಮ್ಮಾರ. ಸಿಟ್ಟ ಮಾಡ್ಕೋಬ್ಯಾಡ್ರಿ."

"ಸಿಟ್ಟು ಯಾಕಪ್ಪಾ," ಅಂದು ಇಳಿದುಬಂದೆ.

ಎಣಿಸಿ ಒತ್ತುವುದನ್ನು ಕಲಿತ. ಕೀಂ ಅಂದ ಮೇಲೆ ಉಸಿರು ಎಣಿಸುತ್ತಿದ್ದನಂತೆ, ಡಿಸ್ಕು ಒಂದು ಥರ ಕರಕರ ಅಂದು ನಿಂತ ಮೇಲೆ ಇನ್ನಷ್ಟು ಉಸಿರು, ಆಮೇಲೆ ಗುಂಡಿ. ಮೊದಮೊದಲು ತಪ್ಪಿತು. ನನಗೆ ಕೆಳಗೆ ಅಡುಗೆಮನೆಯಲ್ಲೇ ತಿಳಿಯುತ್ತಿತ್ತು. ಮೇಲಿನ ಸಾಲಿಗೆ ಹೋದರೆ ಒಂದು ಸಂಗೀತ ಬರುತ್ತಿತ್ತು. ಕೆಳಗಿನದಾದರೆ ಸಂಗೀತವಿಲ್ಲ, ಶೀತ ಆದವನು ಮಾತಾಡಿದಂಥ ಒಂದು ಒರಟು ದನಿ. ನಾನು ಸೊಪ್ಪು ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ಸಂಗೀತ ಬಂದರೆ ತಪ್ಪಿತು ಅಂತ ಗೊತ್ತು. ಮತ್ತೆ ಆಫ್ ಮಾಡಿ ಆನ್ ಮಾಡುವುದೂ ಕೇಳಿಸುತ್ತಿತ್ತು. ಬರಬರುತ್ತ ದಿನಾ ಶೀತದ ದನಿಯೇ ಬರಲು ಶುರುವಾಯಿತು. ಸೊಸೆಗೆ ಹೇಳಿದೆ, "ಕಲಿತ ಕಣೇ" ಅಂತ. ಅವಳಿಗೆ ಏನು ಕಲಿತ ಅಂತಲೂ ಗೊತ್ತಿರಲಿಲ್ಲ.

ಶಿವರಾತ್ರಿ ಆದ ಮೇಲೆ ಮತ್ತೆ ಸಂಗೀತ ಬರತೊಡಗಿತು. ಬೆಳಿಗ್ಗೆಯೆಲ್ಲ ಅದೇ. ಆಫ್, ಆನ್, ಸಂಗೀತ. ಆಫ್, ಆನ್, ಸಂಗೀತ. ಅದು ಏಳುವುದಕ್ಕೇ ಅಷ್ಟು ಹೊತ್ತು, ಕಲಿಯುವುದಕ್ಕೆ ಹೊತ್ತೆಲ್ಲಿ? ಡ್ಯೂಟಿಗೆ ಹೋಗುವ ಹೊತ್ತಾಗುತ್ತಿತ್ತು, ಇಳಿದು ಹೋಗುತ್ತಿದ್ದ. ಕುಕ್ ಟೌನಿನವರು ಕರೆದಿದ್ದ ದಿನ ಹತ್ತಿರ ಬಂದಿತ್ತು.

ನಾನು ಒಂದು ಮೊರದಲ್ಲಿ ಮೆಣಸಿನಕಾಯಿ ಹಾಕಿಕೊಂಡು ತಾರಸಿಗೆ ಹೋದೆ. ಬಾಗಿಲು ತೆರೆದಿತ್ತು. ಅವನು ಕಣ್ಣು ಮುಚ್ಚಿಕೊಂಡು ಎಣಿಸುತ್ತ ಕೂತಿದ್ದ. ಕಣ್ಣು ಮುಚ್ಚಿದರೂ ತೆರೆದರೂ ಅವನಿಗೆ ಒಂದೇ, ಆದರೂ ಮುಚ್ಚಿಕೊಂಡಿದ್ದ. ಕರಿ ಪರದೆ ಬಂತು. ನಾನು ನೋಡಿದೆ. ನನಗೆ ಆ ಅಕ್ಷರ ಬರುವುದಿಲ್ಲ, ಆದರೆ ಅಷ್ಟು ದಿನ ನೋಡಿದವಳಿಗೆ ಅವುಗಳ ಮುಖ ಗೊತ್ತಿತ್ತು. ಮೇಲಿನದು ಗಿಡ್ಡ ಸಾಲು, ಕೆಳಗಿನದು ಉದ್ದ ಸಾಲು, ಬಾಲದಲ್ಲಿ ಅಂಕಿ. ಅವತ್ತು ಉದ್ದದ್ದು ಮೇಲಿತ್ತು.

"ಅದಲುಬದಲಾಗಿದೆ ಕಣಪ್ಪಾ," ಅಂದೆ. "ಬಾಲದೋಳು ಮೇಲೆ ಬಂದು ಕೂತವಳೆ."

ಅವನ ಕೈ ಗುಂಡಿಯ ಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಏನೂ ಒತ್ತದೆಯೇ ಶೀತದ ದನಿ ಬಂತು.

ಆಮೇಲೆ ಗೊತ್ತಾಯಿತು. ಶಿವಾಜಿನಗರದವನು ಹಿಂದಿನ ಭಾನುವಾರ ಬಂದಾಗ, ಪಾಪ ದಿನಾ ಎಣಿಸುತ್ತಾನೆ, ಲಿನಕ್ಸನ್ನೇ ಮೇಲೆ ಹಾಕಿಬಿಟ್ಟರೆ ಒತ್ತುವ ಕೆಲಸವೇ ಇರುವುದಿಲ್ಲ ಅಂತ ಸಾಲು ತಿರುವಿ ಹಾಕಿ ಹೋಗಿದ್ದ. ಹೇಳಿದರೆ ಬೇಡ ಅನ್ನುತ್ತಾನೆ ಅಂತ ಹೇಳಿರಲಿಲ್ಲ. ಇವನು ಎಣಿಸಿ ಸರಿಯಾದ ಹೊತ್ತಿಗೇ ಒತ್ತುತ್ತಿದ್ದ, ಅದು ಇಳಿದು ವಿಂಡೋಸಿಗೆ ಹೋಗುತ್ತಿತ್ತು. ತನ್ನ ಎಣಿಕೆಯೇ ಕೆಟ್ಟಿದೆ ಅಂದುಕೊಂಡಿದ್ದ. ಆ ದಿನಗಳೆಲ್ಲ ತಾನು ಕೆಟ್ಟೆ ಅಂತಲೇ ಅಂದುಕೊಂಡಿದ್ದ, ಯಾರಿಗೂ ಹೇಳದೆ.

"ಉಪಕಾರ ಮಾಡೂದಿದ್ರ ಹೇಳಿ ಮಾಡೋ," ಅಂತ ಗೆಳೆಯನಿಗೆ ಫೋನಿನಲ್ಲಿ ಬೈದ. ಫೋನ್ ಇಟ್ಟು, ನನ್ನ ಕಡೆ ಅಲ್ಲ, ಕಿಟಕಿ ಕಡೆ ಮುಖ ಮಾಡಿ ಅಂದ:

"ಅಣ್ಣ ಅಂದಿದ್ದೇ ಖರೆ ಆತಲ್ರಿ. ಒಬ್ರು ಬೇಕೇ ಬೇಕು."

"ನನಗೂ ಸಿಲಿಂಡರ್ ಎತ್ತಕ್ಕೆ ನೀನು ಬೇಕು," ಅಂದೆ. "ನನ್ನನ್ನ ಯಾರೂ ರಾಯಚೂರಿಗೆ ಕರ್ಕೊಂಡು ಹೋಗ್ತೀನಿ ಅಂತ ಬಂದಿಲ್ಲ."

ಸಮಾಧಾನಕ್ಕೆ ಅಂದದ್ದಲ್ಲ. ಇದ್ದದ್ದನ್ನು ಅಂದೆ. ಅವನು ಕಿಟಕಿಯಿಂದ ಈ ಕಡೆ ತಿರುಗಿದ. "ಬಂದ್ರ ಹೇಳ್ರಿ, ಜಗಳ ಆಡ್ತೀನಿ," ಅಂದ.

ಕುಕ್ ಟೌನಿನವರು ಕೊಟ್ಟ ಕೆಲಸ ಮಾಡಿ ತೋರಿಸಿ ಬಂದ. ತೆಗೆದುಕೊಂಡರು. ಯುಗಾದಿಗೆ ಅಣ್ಣ ಬಂದ, ಹೋಳಿಗೆ ತಿಂದ, ಒಬ್ಬನೇ ಹೋದ. ಹೋಗುವಾಗ ನನಗೆ ಕೈ ಮುಗಿದ, ಸೋತವನ ಹಾಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕಂಪ್ಯೂಟರ್ ಬಂತು, ಮೆಮೊರಿ ಜಾಸ್ತಿ ಇರುವುದು. ಶಿವಾಜಿನಗರದವನು ಈ ಸಲ ಎರಡನೇ ದಾರಿಯನ್ನೇ ಹಿಡಿದ, ಒಂದರ ಹೊಟ್ಟೆಯೊಳಗೆ ಇನ್ನೊಂದು. ಒಳಗಿನದಕ್ಕೆ ಅದರದೇ ದನಿ, ಹೊರಗಿನದಕ್ಕೆ ಇದರದೇ ದನಿ. ಕರಿ ಪರದೆ ಇಲ್ಲ, ಸಾಲಿಲ್ಲ, ಎಣಿಕೆ ಇಲ್ಲ. ಇವನು ಮೊದಲ ದಿನದಿಂದ ಕೇಳಿದ್ದೇ ಅದನ್ನ. ಹಳೆಯ ಮಷೀನನ್ನು ಗೆಳೆಯ ತೆಗೆದುಕೊಂಡು ಹೋದ, ಕೀಬೋರ್ಡ್ ಮಾತ್ರ ಬೇಡ ಅಂತ ಬಿಟ್ಟುಹೋದ.

"ಇನ್ನ ನಿಮಗ ತ್ರಾಸಿಲ್ರಿ ಅಮ್ಮಾರ," ಅಂದ ಇವನು. ಖುಷಿಯಲ್ಲಿದ್ದ.

"ಸರಿಯಪ್ಪ," ಅಂದೆ.

ಆದರೂ ಒಂದು ದಿನ ಬೆಳಿಗ್ಗೆ ಕಾಲು ತಾನಾಗಿ ಮೆಟ್ಟಿಲು ಹತ್ತಿತ್ತು. ಒಳಗೆ ಎರಡು ದನಿಗಳು ಒಂದರ ಹಿಂದೆ ಒಂದು ಮಾತಾಡುತ್ತಿದ್ದವು. ಅವನು ತಲೆ ಬಗ್ಗಿಸಿ ಕೇಳುತ್ತ ಟೈಪ್ ಮಾಡುತ್ತಿದ್ದ. ನನ್ನ ಹೆಜ್ಜೆ ಕೇಳಿ "ಯಾರ್ರಿ?" ಅಂದ. ಮುಂಚೆ ಹೆಜ್ಜೆ ಕೇಳಿದರೆ ಯಾರು ಅಂತ ಕೇಳುತ್ತಿರಲಿಲ್ಲ. "ಬಟ್ಟೆ ಒಣಗಾಕ್ತಿದೀನಿ," ಅಂದೆ. ಕೈಯಲ್ಲಿ ಬಟ್ಟೆ ಇರಲಿಲ್ಲ. ಸ್ವಲ್ಪ ನಿಂತು ಇಳಿದುಬಂದೆ.

ಮುಂದಿನ ವರ್ಷ ಆಫೀಸಿಗೆ ಹತ್ತಿರವಾಗಲಿ ಅಂತ ಕುಕ್ ಟೌನ್ ಕಡೆ ಒಂದು ಔಟ್‌ಹೌಸಿಗೆ ಹೋದ. ಬಂಗಲೆಯ ಹಿಂದೆ, ಒಬ್ಬನೇ. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಫೋನು, ಆಮೇಲೆ ಅದೂ... ನಾನೂ ಮಾಡಲಿಲ್ಲ. ಯಾರು ಬಿಟ್ಟರು ಅಂತ ಹೇಳುವ ಹಾಗಿಲ್ಲ, ಹಾಗೆ ಬಿಟ್ಟುಹೋಯಿತು.

ಎಷ್ಟೋ ಕಾಲದ ಮೇಲೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಆ ಕಂಪ್ಯೂಟರಿನವನು ಸಿಕ್ಕಿದ. ಗಡ್ಡ ಅರ್ಧ ಬೆಳ್ಳಗಾಗಿತ್ತು. ಅವನೇ ಗುರುತು ಹಿಡಿದು ಮಾತಾಡಿಸಿದ.

"ಆಂಟಿ, ನಿಮಗೆ ಯಾರೂ ಹೇಳ್ಲಿಲ್ವಾ?"

ರಾಯಚೂರಿನವನಿಗೆ ಕಾಮಾಲೆಯಂತೆ. ಸುಸ್ತು, ಊಟ ಸೇರುವುದಿಲ್ಲ ಅಂತಿದ್ದನಂತೆ, ಆದರೂ ಕೆಲಸಕ್ಕೆ ಹೋಗುತ್ತಲೇ ಇದ್ದನಂತೆ. ಆಫೀಸಿನಲ್ಲಿ ಸುತ್ತ ಕೂತವರು ಹೆಚ್ಚುಕಮ್ಮಿ ಎಲ್ಲರೂ ಅವನಂತೆಯೇ ಕಣ್ಣಿಲ್ಲದವರು. ಬಿದ್ದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಕೇಳಿದರಂತೆ, ಕಣ್ಣು ಇಷ್ಟು ಹಳದಿಯಾಗಿದೆ, ಇಷ್ಟು ದಿನ ಯಾರೂ ನೋಡಲಿಲ್ವಾ ಅಂತ. ಉಳಿಯಲಿಲ್ಲ. ಅಣ್ಣ ವ್ಯಾನು ಮಾಡಿಕೊಂಡು ಬಂದು ಊರಿಗೆ ತೆಗೆದುಕೊಂಡು ಹೋದ.

"ಕೊನೇವರೆಗೂ ಒಬ್ನೇ ಇದ್ದ ಆಂಟಿ. ಯಾರಿಗೂ ತೊಂದರೆ ಕೊಟ್ಟೋನಲ್ಲ," ಅಂದ ಅವನು. ಹೊಗಳಿ ಅಂದದ್ದು.

"ಹೂಂ," ಅಂದೆ. ನಮ್ಮ ಕಡೆಯ ಬಸ್ಸು ಬಂತು, ಹತ್ತಿದೆ. ಆ ದಿನವೂ ಅಳು ಬರಲಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಹಲಸೂರು ಕೆರೆ ದಾಟಿದ್ದು ಗೊತ್ತಾಗಲಿಲ್ಲ. ಇಳಿಯುವ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದುಕೊಂಡು ಬಂದೆ.

ಅವನು ಇಲ್ಲ. ಅದಕ್ಕೆ ಮಾಡುವುದು ಏನೂ ಇಲ್ಲ. ಈಗ ನನಗೆ ಮಂಡಿ ನೋವು, ಮೇಲೆ ಹತ್ತುವುದು ಅಪರೂಪ. ರೂಮಿಗೆ ಇನ್ನೂ ಯಾರೂ ಬಂದಿಲ್ಲ, ಬಣ್ಣದ ವಾಸನೆ ಹೋಗಲಿ ಅಂತ ಕಿಟಕಿ ತೆಗೆದಿಟ್ಟಿದ್ದಾರೆ. ಬೆಳಿಗ್ಗೆ ಸೊಸೆ ಕಾಫಿ ತಂದು ಕೊಡುತ್ತಾಳೆ. ಲೋಟ ಹಿಡಿದುಕೊಂಡು ಅವಳ ಕಣ್ಣು ನೋಡುತ್ತೇನೆ, ಬಿಳಿ ಬಿಳಿಯಾಗೇ ಇದೆಯಾ ಅಂತ.

"ಏನತ್ತೆ, ಹಂಗೆ ನೋಡ್ತೀರಾ ದಿನಾ?" ಅನ್ನುತ್ತಾಳೆ.

"ಏನಿಲ್ಲ, ಹೋಗು," ಅನ್ನುತ್ತೇನೆ.